ತಾಲೆಕ್ವಾ ನೋಡುವುದು ಹೇಗೆ: ಮಕ್ಕಳ ಮನೆಗೆ ಹೊರಟ ಮೈಸೂರಿನವರಿಗೆ

ಕುವೆಂಪುನಗರದ ನಮ್ಮ ಬೀದಿಯೊಂದರಲ್ಲೇ ಐದು ಮನೆಯ ಮಕ್ಕಳು ಅಮೆರಿಕದಲ್ಲಿದ್ದಾರೆ. ವರ್ಷಕ್ಕೊಬ್ಬರಾದರೂ ಹುಳಿಪುಡಿ, ಚಟ್ನಿಪುಡಿ ಕಟ್ಟಿಕೊಂಡು ಹೊರಡುತ್ತಾರೆ. ಹೊರಟವರು ಟಲ್ಸಾ ಕಡೆಗೋ ಡಲ್ಲಾಸ್ ಕಡೆಗೋ ಅಂತ ಗೊತ್ತಾದರೆ ನಾನು ಅವರ ಕೈಗೆ ಒಂದು ಹಾಳೆ ಕೊಡುತ್ತೇನೆ. ಅದರಲ್ಲಿ ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನರ ಲಿಪಿಯ 85 ಅಕ್ಷರಗಳಿವೆ. ಪಕ್ಕದಲ್ಲಿ ಅವುಗಳ ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆದಿದ್ದೇನೆ. 'ಇದನ್ನು ಕಲಿತುಕೊಂಡು ತಾಲೆಕ್ವಾಗೆ ಹೋಗಿ ಬನ್ನಿ' ಅನ್ನುತ್ತೇನೆ. ಹೋದ ತಿಂಗಳು ಒಬ್ಬರು, 'ಮೇಡಂ, ಬರೀ ಅಕ್ಷರ ಕೊಟ್ಟರೆ ಸಾಲದು, ಹೇಗೆ ಹೋಗಬೇಕು, ಏನು ನೋಡಬೇಕು ಎಲ್ಲಾ ಬರೆದುಕೊಡಿ' ಅಂದರು. ಅದಕ್ಕೇ ಇದು.

ನಾನು ಪಾಂಡವಪುರ ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲಿ 31 ವರ್ಷ ಪಾಠ ಮಾಡಿದವಳು. ಹೆಚ್ಚಾಗಿ ಒಂದನೇ ಕ್ಲಾಸು, ಎರಡನೇ ಕ್ಲಾಸು. ಸ್ಲೇಟು, ಬಳಪ, ಕಾಗುಣಿತ. ಮಗಳು ಟಲ್ಸಾದಲ್ಲಿದ್ದಾಳೆ. ಎರಡು ಸಲ ಹೋಗಿದ್ದೇನೆ. ಎರಡನೇ ಸಲ ಹೋದಾಗ ತಾಲೆಕ್ವಾವನ್ನು ಸರಿಯಾಗಿ ನೋಡಿದೆ.

ತಾಲೆಕ್ವಾ ಚೆರೋಕಿ ಜನರ ರಾಜಧಾನಿ. ಒಕ್ಲಹೋಮ ರಾಜ್ಯದ ಈಶಾನ್ಯ ಮೂಲೆಯಲ್ಲಿದೆ. ಓಝಾರ್ಕ್ ಗುಡ್ಡಗಳು ಶುರುವಾಗುವ ಜಾಗ. ಜನಸಂಖ್ಯೆ 16 ಸಾವಿರದ ಆಸುಪಾಸು, ನಮ್ಮ ಶ್ರೀರಂಗಪಟ್ಟಣಕ್ಕಿಂತ ಚಿಕ್ಕ ಊರು. ಆದರೆ ಅಲ್ಲಿ ಕೂತು ಆಳುವ 'ಚೆರೋಕಿ ನೇಷನ್' ಎಂಬ ಸರ್ಕಾರಕ್ಕೆ ನಾಲ್ಕೂವರೆ ಲಕ್ಷಕ್ಕೂ ಜಾಸ್ತಿ ಪ್ರಜೆಗಳಿದ್ದಾರೆ. ಅದಕ್ಕೆ ತನ್ನದೇ ಸಂವಿಧಾನ, ತನ್ನದೇ ಸುಪ್ರೀಂ ಕೋರ್ಟು, 17 ಜನರ ಕೌನ್ಸಿಲ್, ನಾಲ್ಕು ವರ್ಷಕ್ಕೊಮ್ಮೆ ಚುನಾವಣೆಯಲ್ಲಿ ಗೆದ್ದು ಬರುವ ಪ್ರಿನ್ಸಿಪಲ್ ಚೀಫ್ ಎಂಬ ಮುಖ್ಯಸ್ಥರು ಎಲ್ಲಾ ಉಂಟು. ಅದರ ಗಡಿ 14 ಕೌಂಟಿಗಳಿಗೆ ಹಬ್ಬಿದೆ. ಟಲ್ಸಾ ನಗರದ ಒಂದು ಭಾಗವೂ ಅದರೊಳಗೇ ಬರುತ್ತದೆ. ಹಾಗಾಗಿ ನಿಮ್ಮ ಮಕ್ಕಳು ಟಲ್ಸಾದಲ್ಲಿದ್ದರೆ, ಅವರ ಮನೆ ಯಾರ ನೆಲದಲ್ಲಿದೆ ಅಂತ ಮೊದಲು ಕೇಳಿ. ನನ್ನ ಮಗಳಿಗೂ ನಾನು ಕೇಳುವ ತನಕ ಗೊತ್ತಿರಲಿಲ್ಲ.

ಈಗ ಅಕ್ಷರದ ವಿಷಯ. ಟಿಕೆಟ್ ಬುಕ್ ಮಾಡುವಾಗಲೇ ಇದನ್ನು ಶುರು ಮಾಡಿ. ತಾಲೆಕ್ವಾದ ಬೀದಿ ಬೋರ್ಡುಗಳೆಲ್ಲ ಎರಡು ಲಿಪಿಯಲ್ಲಿವೆ. ಒಂದು ಇಂಗ್ಲಿಷ್, ಇನ್ನೊಂದು ಚೆರೋಕಿ. ಅಂಗಡಿ, ಬ್ಯಾಂಕು, ಆಫೀಸಿನ ಬಾಗಿಲಲ್ಲೂ ಅಲ್ಲಲ್ಲಿ ಆ ಅಕ್ಷರಗಳು ಕಾಣುತ್ತವೆ. ಓದಲು ಬರದಿದ್ದರೆ ಅವು ಸುಮ್ನೆ ಅಲಂಕಾರದ ಹಾಗೆ ಕಾಣುತ್ತವೆ. ಓದಲು ಬಂದರೆ ಇಡೀ ಊರು ನಿಮ್ಮ ಜೊತೆ ಮಾತಾಡುತ್ತದೆ.

ಈ ಲಿಪಿ ಮಾಡಿದವರು ಸಿಕ್ವೋಯಾ. ಬೆಳ್ಳಿ ಕೆಲಸದವರು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಬಿಳಿಯರು ಕಾಗದದ ಮೇಲೆ ಮಾತಾಡುವುದನ್ನು ನೋಡಿ, ನಮ್ಮ ಮಾತಿಗೂ ಇದು ಯಾಕಾಗಬಾರದು ಅಂದುಕೊಂಡರು. ಹತ್ತು ಹನ್ನೆರಡು ವರ್ಷ ಅದರಲ್ಲೇ ಮುಳುಗಿದರು. ಒಂದೊಂದು ಪದಕ್ಕೆ ಒಂದೊಂದು ಗುರುತು ಮಾಡಹೊರಟು ಸೋತರು. ಆಮೇಲೆ ಮಾತನ್ನು ತುಂಡು ತುಂಡಾಗಿ ಕೇಳಿಸಿಕೊಂಡರು. ಪ್ರತಿ ತುಂಡಿಗೆ ಒಂದು ಅಕ್ಷರ. 1821ರಲ್ಲಿ ಕೆಲಸ ಮುಗಿಯಿತು. ಮೊದಲು ಕಲಿತವಳು ಅವರ ಪುಟ್ಟ ಮಗಳು. ಅಪ್ಪ ಮಗಳನ್ನು ದೂರ ದೂರ ನಿಲ್ಲಿಸಿ, ಒಬ್ಬರಿಂದ ಬರೆಸಿ ಇನ್ನೊಬ್ಬರಿಂದ ಓದಿಸಿ ಪರೀಕ್ಷೆ ಮಾಡಿದ ಮೇಲೆಯೇ ಹಿರಿಯರು ನಂಬಿದ್ದು. 1828ಕ್ಕೆ ಆ ಲಿಪಿಯಲ್ಲಿ ಪತ್ರಿಕೆಯೇ ಹೊರಬಂತು. ಒಂದನೇ ಕ್ಲಾಸಿನ ಟೀಚರ್ ಆಗಿದ್ದವಳು ನಾನು. ಆ ಮಗುವನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ.

'ತುಂಡಿಗೊಂದು ಅಕ್ಷರ' ಅಂದಾಗ ನಿಮಗೆ ಹೊಳೆದಿರಬೇಕು, ಇದು ನಮ್ಮ ಕಾಗುಣಿತವೇ. ಇಂಗ್ಲಿಷಿನವರಿಗೆ ಗ, ಗಿ, ಗೊ ಅಂತ ಒಂದೇ ಏಟಿಗೆ ಬರೆಯುವುದು ಹೊಸದು. ನಮಗೆ ಅದು ಸ್ಲೇಟು ಹಿಡಿದ ದಿನದಿಂದ ಅಭ್ಯಾಸ. ಒಂದೇ ವ್ಯತ್ಯಾಸ ಅಂದರೆ, ನಮ್ಮಲ್ಲಿ ಗ ಬಂದರೆ ಗುಡಿಸು ಕೊಟ್ಟು ಗಿ ಮಾಡುತ್ತೇವೆ, ಕೊಂಬು ಕೊಟ್ಟು ಗು ಮಾಡುತ್ತೇವೆ. ಅವರಲ್ಲಿ ಗ-ಗೂ ಗಿ-ಗೂ ನೋಡಲು ಸಂಬಂಧವೇ ಇಲ್ಲ. ಪ್ರತಿಯೊಂದನ್ನೂ ಬೇರೆಯಾಗಿ ನೆನಪಿಡಬೇಕು.

ಹೀಗೆ ಮಾಡಿ. ಹಳೇ ಕ್ಯಾಲೆಂಡರಿನ ಹಿಂಬದಿ ತೆಗೆದುಕೊಳ್ಳಿ. ಮೇಲೆ ಅಡ್ಡಕ್ಕೆ ಆರು ಮನೆ ಹಾಕಿ: ಅ, ಎ, ಇ, ಒ, ಉ, ಆರನೆಯದು ಮೂಗಿನಲ್ಲಿ ಹೇಳುವ ಒಂದು ಸ್ವರ. ಅದನ್ನು ನಾನು 'ಅಂ' ಅಂತ ಬರೆದುಕೊಂಡಿದ್ದೇನೆ. ಪೂರ್ತಿ ಅದೇ ಅಲ್ಲ, ತುಟಿ ಮುಚ್ಚದೆ ಹೇಳಿದರೆ ಹತ್ತಿರ ಬರುತ್ತದೆ. ಎಡಗಡೆ ಉದ್ದಕ್ಕೆ ಗ, ಹ, ಲ, ಮ, ನ, ಕ್ವ, ಸ, ದ, ತ್ಲ, ಚ, ವ, ಯ. ಮಹಾಪ್ರಾಣದ ಗೋಜು ಅಷ್ಟಾಗಿ ಇಲ್ಲ. ಹ್ರಸ್ವ ದೀರ್ಘ ಬೇರೆ ಬರೆಯುವುದಿಲ್ಲ. ಒತ್ತಕ್ಷರ ಇಲ್ಲ. ಒಂಟಿ ವ್ಯಂಜನ ಅಂತ ಇರುವುದು ಒಂದೇ, ಸ್. ಅಕ್ಷರಗಳ ಪಟ್ಟಿ ಚೆರೋಕಿ ನೇಷನ್ನಿನ ಭಾಷಾ ವಿಭಾಗದ ಜಾಲತಾಣದಲ್ಲಿ ಸಿಗುತ್ತದೆ. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಬೇಡಿ. ಕೈಯಲ್ಲೇ ಬರೆಯಿರಿ. ಕೈಗೆ ಬಂದದ್ದು ಕಣ್ಣಿಗೂ ಬರುತ್ತದೆ.

ನಮ್ಮ ಪ ವರ್ಗದಲ್ಲಿ ಅವರಿಗಿರುವುದು ಮ ಒಂದೇ. ಪ ಇಲ್ಲ, ಬ ಇಲ್ಲ. ಪಟ್ಟಿ ಬರೆಯುವಾಗ ಇದು ಕಣ್ಣಿಗೆ ಬಿದ್ದು ನಾನು ಪೆನ್ನು ಕೆಳಗಿಟ್ಟೆ. ಆ ಲಿಪಿಯಲ್ಲಿ ಅಪ್ಪ ಅಂತ ಬರೆಯಲಾಗುವುದಿಲ್ಲ, ಅಮ್ಮ ಅಂತ ಹತ್ತಿರ ಹತ್ತಿರ ಬರೆಯಬಹುದು. ಅ, ಮ ಎರಡನ್ನೂ ಜೋಡಿಸಿ 'ಅಮ' ಅಂತ ಬರೆದರೆ ಚೆರೋಕಿಯಲ್ಲಿ ಅದಕ್ಕೆ ನೀರು ಅಂತ ಅರ್ಥ. ಕಾವೇರಿ ನಾಲೆ ನೀರು ಕುಡಿದು ಬೆಳೆದವಳಿಗೆ ಆ ಎರಡಕ್ಷರ ಮರೆಯುವುದು ಸಾಧ್ಯವೇ ಇಲ್ಲ.

85 ಅಕ್ಷರವನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಹದಿನಾಲ್ಕು ಸಾಕು. ಮೊದಲ ಆರು ಅಕ್ಷರ ಊರಿನ ಸ್ಟಾಪ್ ಬೋರ್ಡಿನ ಮೇಲಿವೆ: ಅ-ಲೆ-ವಿ-ಸ್-ದಿ-ಹ. ಆಮೇಲೆ ಒಂದು ನಾಣ್ಯ. 2022ರಲ್ಲಿ ಅಮೆರಿಕ ಸರ್ಕಾರ ವಿಲ್ಮಾ ಮ್ಯಾನ್‌ಕಿಲ್ಲರ್ ಅವರ ಚಿತ್ರವಿರುವ ಕಾಲು ಡಾಲರ್ ನಾಣ್ಯ ತಂದಿತು. ಚೆರೋಕಿ ನೇಷನ್ನಿನ ಮೊದಲ ಮಹಿಳಾ ಪ್ರಿನ್ಸಿಪಲ್ ಚೀಫ್ ಅವರು, 1985ರಿಂದ 1995ರವರೆಗೆ. ಹುಟ್ಟಿದ್ದೂ ಇದೇ ತಾಲೆಕ್ವಾದಲ್ಲಿ. ಮಕ್ಕಳ ಮನೆಯಲ್ಲಿ ಚಿಲ್ಲರೆ ಹಾಕಿಡುವ ಡಬ್ಬಿ ಇರುತ್ತದಲ್ವಾ, ಅದನ್ನು ಸುರಿದು ಹುಡುಕಿ. ನಾಣ್ಯದ ಮೇಲೆ ಚೆರೋಕಿ ಲಿಪಿಯಲ್ಲೇ ಬರೆದಿದೆ: ಚ-ಲ-ಗಿ-ಹಿ ಅ-ಯೆ-ಲಿ. ಚೆರೋಕಿ ನೇಷನ್ ಅಂತ. ಆ 'ಚ'ವನ್ನು ಅಲ್ಲಿ ಹೇಳುವಾಗ ಜ-ಕಾರದ ಕಡೆಗೆ ವಾಲುತ್ತದೆ. ಕೊನೆಗೆ ಊರಿನ ಹೆಸರು, ಮೂರೇ ಅಕ್ಷರ: ದ-ಲಿ-ಕ್ವ. ಬೇರೆ ಬೇರೆ ಅಕ್ಷರ ಎಣಿಸಿ, ಹದಿನಾಲ್ಕಾಗುತ್ತದೆ. ದಿನಕ್ಕೆರಡರಂತೆ ಒಂದು ವಾರದ ಕೆಲಸ.

ಒಂದು ಎಚ್ಚರ. ಸಿಕ್ವೋಯಾ ಇಂಗ್ಲಿಷ್ ಪುಸ್ತಕಗಳಲ್ಲಿ ಕಂಡ ಆಕಾರಗಳನ್ನು ತೆಗೆದುಕೊಂಡು ತಮಗೆ ಬೇಕಾದ ಧ್ವನಿ ಕೊಟ್ಟಿದ್ದಾರೆ. ಇಂಗ್ಲಿಷಿನ ಡಿ ತರ ಕಾಣುವುದು ಅ. ಡಬ್ಲ್ಯೂ ತರ ಇರುವುದು ಲ. ಎಚ್ ತರ ಇರುವುದು ಮಿ. ಝಡ್ ತರ ಇರುವುದು ನೊ. ಇಂಗ್ಲಿಷ್ ಓದಿ ಪಳಗಿದ ಕಣ್ಣು ಇಲ್ಲೇ ಎಡವುತ್ತದೆ. ನನ್ನ ಅನುಭವ ಹೇಳುತ್ತೇನೆ, ಇಂಗ್ಲಿಷ್ ಓದಲು ಬರದ ಅಜ್ಜಿಯರು ಇದನ್ನು ಬೇಗ ಕಲಿಯುತ್ತಾರೆ. ನಮ್ಮ ಬೀದಿಯ ಒಬ್ಬ ಅಜ್ಜಿ ಮೂರು ದಿನದಲ್ಲಿ ನಾಣ್ಯ ಓದಿದರು. ಅವರ ಇಂಜಿನಿಯರ್ ಮಗನಿಗೆ ವಾರ ಬೇಕಾಯಿತು.

ಇನ್ನು ಹೋಗುವ ದಾರಿ. ಟಲ್ಸಾದಿಂದ ಸುಮಾರು 110 ಕಿಲೋಮೀಟರ್, ಕಾರಿನಲ್ಲಿ ಒಂದೂಕಾಲು ಗಂಟೆ. ರೈಲಿಲ್ಲ. ಮಕ್ಕಳಿಗೆ ರಜೆ ಇರುವ ದಿನವೇ ಹೋಗಬೇಕು. ಆದರೆ ಭಾನುವಾರ, ಸೋಮವಾರ ಬೇಡ. ನಾವು ಮೊದಲ ಸಲ ಹೋದದ್ದು ಒಂದು ಸೋಮವಾರ. ಮ್ಯೂಸಿಯಮ್ಮಿನ ಬಾಗಿಲು ಹಾಕಿತ್ತು. ಮಗಳು ರಜೆ ಹಾಕಿ ಬಂದಿದ್ದಳು. ಹೊರಗಡೆ ಕಟ್ಟೆ ಮೇಲೆ ಕೂತು ಚಿತ್ರಾನ್ನ ತಿಂದು ವಾಪಸ್ ಬಂದೆವು. ಶನಿವಾರ ಒಳ್ಳೆಯದು. ಹೋಗುವ ಹಿಂದಿನ ದಿನ ಸಮಯ ನೋಡಿಕೊಳ್ಳಿ. ಹಾಗೆಯೇ, 'ಅಲ್ಲಿ ಏನಿದೆ ನೋಡೋಕೆ?' ಅನ್ನುವವರ ಮಾತು ಕೇಳಬೇಡಿ. ಒಂದು ಟೂರಿನವರು ನನಗೂ ಹಾಗೇ ಅಂದು, ಅದರ ಬದಲು ಒಂದು ಮಾಲ್ ತೋರಿಸುತ್ತೇವೆ ಅಂದರು. ತುಂಬಾ ಬೇಜಾರಾಯಿತು.

ಅಕ್ಟೋಬರ್ ತಿಂಗಳು ಚೆಂದ. ಗುಡ್ಡದ ಮರಗಳೆಲ್ಲ ಅರಿಶಿನ ಕುಂಕುಮದ ಬಣ್ಣಕ್ಕೆ ತಿರುಗಿರುತ್ತವೆ. ಬೇಸಿಗೆ ಬಿಸಿಲು ಕಷ್ಟ, ವಸಂತದಲ್ಲಿ ಸುಂಟರಗಾಳಿಯ ಭಯ. ಸೆಪ್ಟೆಂಬರ್ ಮೊದಲ ವಾರದ ಲೇಬರ್ ಡೇ ರಜೆಯಲ್ಲಿ ಅವರ ದೊಡ್ಡ ಹಬ್ಬ, ಚೆರೋಕಿ ನ್ಯಾಷನಲ್ ಹಾಲಿಡೇ. 1839ರ ಸೆಪ್ಟೆಂಬರ್ 6ರಂದು ಇಲ್ಲಿ ಸಂವಿಧಾನಕ್ಕೆ ಸಹಿ ಬಿದ್ದದ್ದರ ನೆನಪು. 1953ರಿಂದ ನಡೆಯುತ್ತಿದೆ. ಚೀಫ್ ಭಾಷಣ, ಮೆರವಣಿಗೆ, ಸ್ಟಿಕ್‌ಬಾಲ್ ಆಟ, ಮುಸುಕಿನ ಜೋಳದ ದಂಟಿಗೆ ಬಾಣ ಬಿಡುವ ಸ್ಪರ್ಧೆ ಎಲ್ಲಾ ಇರುತ್ತದೆ. ಆಗ ಹೋಗುವುದಾದರೆ ರೂಮು ತಿಂಗಳುಗಟ್ಟಲೆ ಮೊದಲೇ ಹಿಡಿಯಬೇಕು. ದಸರೆಯಲ್ಲಿ ಮೈಸೂರಿಗೆ ಬಂದ ನೆಂಟರಿಗೆ ಲಾಡ್ಜ್ ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಊರಿಗೆ ಬಂದ ಮೇಲೆ ಮಸ್ಕೋಗಿ ಅವೆನ್ಯೂ ಎಂಬ ದೊಡ್ಡ ಬೀದಿಯಲ್ಲಿ ಕಾರು ನಿಲ್ಲಿಸಿ, ಇಳಿದು ನಡೆಯಿರಿ. ನೋಡಬೇಕಾದದ್ದೆಲ್ಲ ಹೆಚ್ಚುಕಡಿಮೆ ನಡಿಗೆಯ ದೂರದಲ್ಲಿದೆ. ಮೊದಲು ಒಂದು ಸ್ಟಾಪ್ ಬೋರ್ಡು ಹುಡುಕಿ. ನಾನು ಅದರ ಕೆಳಗೆ ನಿಂತು ಬೆರಳಿಟ್ಟು ಓದಿದೆ. ಡಿ ತರದ್ದು ಅ. ಆಮೇಲೆ ಲೆ. ವಿ. ಅಲ್ಲೊಂದು ಒಂಟಿ ಸ್. ದಿ. ಹ. ಹಿಂದೆ ಒಂದು ಟ್ರಕ್ಕು ಬಂದು ನಿಂತಿತ್ತು. ಓಡಿಸುತ್ತಿದ್ದವರು ಹಾರ್ನ್ ಮಾಡಲಿಲ್ಲ, ಕಿಟಕಿ ಇಳಿಸಿ 'ಓಸಿಯೊ' ಅಂದರು. ಅವರ ನಮಸ್ಕಾರ ಅದು. ನಾನೂ ಓಸಿಯೊ ಅಂದೆ. ಈ ಮಾತು ಬಾಯಿಪಾಠ ಮಾಡಿಕೊಂಡು ಹೋಗಿ. ಥ್ಯಾಂಕ್ಸ್‌ಗೆ 'ವಾಡೊ' ಅನ್ನಬೇಕು.

ಅದೇ ದಿನ ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸಿಗೆ ಈ ಆರು ಅಕ್ಷರ ಓದಿ ತೋರಿಸಿದೆ. ಅವರು ಖುಷಿಪಟ್ಟು, ಆಮೇಲೆ ತಾವು ನಿಧಾನವಾಗಿ ಹೇಳಿದರು. ಅವರ ದನಿ ನಡುವೆ ಏರಿ ಇಳಿಯಿತು. ಆ ಏರಿಳಿತ ಬರಹದಲ್ಲಿ ಇಲ್ಲ, ಬಾಯಿಂದಲೇ ಕಲಿಯಬೇಕು. ನಾಲ್ಕು ಸಲ ಹೇಳಿಸಿಕೊಂಡೆ. ನೀವೂ ಕೇಳಿ. ನಾಚಿಕೆ ಬೇಡ.

ಕಟ್ಟಡಗಳನ್ನು ಕಟ್ಟಿದ ವರ್ಷದ ಕ್ರಮದಲ್ಲೇ ನೋಡಿ, ಆಗ ಕತೆ ಅರ್ಥವಾಗುತ್ತದೆ. ಮೊದಲು 1844ರ ಸುಪ್ರೀಂ ಕೋರ್ಟ್ ಕಟ್ಟಡ. ಚಿಕ್ಕ ಇಟ್ಟಿಗೆ ಮನೆ. ಒಕ್ಲಹೋಮದಲ್ಲಿ ಇವತ್ತಿಗೂ ನಿಂತಿರುವ ಸರ್ಕಾರಿ ಕಟ್ಟಡಗಳಲ್ಲೆಲ್ಲ ಹಳೆಯದು. ಒಕ್ಲಹೋಮ ಎಂಬ ರಾಜ್ಯ ಹುಟ್ಟಿದ್ದೇ 1907ರಲ್ಲಿ! ಅದರ ಮುಂದೆ ನಿಂತಾಗ ಹಿಂದಿನ ಐದು ವರ್ಷ ನೆನೆಯಿರಿ. ಚೆರೋಕಿಗಳ ತವರು ಜಾರ್ಜಿಯಾ, ಟೆನ್ನೆಸ್ಸಿ ಕಡೆ. 1838-39ರಲ್ಲಿ ಅಮೆರಿಕದ ಸೈನ್ಯ ಸುಮಾರು 16 ಸಾವಿರ ಜನರನ್ನು ಮನೆಯಿಂದ ಎಬ್ಬಿಸಿ ಇಲ್ಲಿಗೆ ಅಟ್ಟಿತು. ದಾರಿಯಲ್ಲಿ, ಶಿಬಿರಗಳಲ್ಲಿ ಸತ್ತವರು ಸುಮಾರು ನಾಲ್ಕು ಸಾವಿರ ಅನ್ನುತ್ತಾರೆ. ಕಣ್ಣೀರ ಹಾದಿ ಅಂತ ಅದರ ಹೆಸರು. ಅಷ್ಟು ಕಳೆದುಕೊಂಡು ಬಂದವರು ಅದೇ ವರ್ಷ ಸಂವಿಧಾನ ಬರೆದರು, ಐದು ವರ್ಷಕ್ಕೆ ಕೋರ್ಟು ಕಟ್ಟಿದರು, ಅದೇ 1844ರಲ್ಲಿ ಇನ್ನೊಂದು ಪತ್ರಿಕೆ ಶುರು ಮಾಡಿದರು. ಇಟ್ಟಿಗೆ ಮುಟ್ಟಿ ನೋಡಿದೆ. ತಣ್ಣಗಿತ್ತು.

ನನ್ನ ಅಜ್ಜಿ ಹಳೇ ಕನ್ನಂಬಾಡಿಯವರು. ಕೆಆರ್‌ಎಸ್ ಕಟ್ಟಿದಾಗ ಊರು ಮುಳುಗಿತು. ಅವರಾಗ ಚಿಕ್ಕ ಹುಡುಗಿ. ಹೊಸಿಲು ಕಿತ್ತು ಗಾಡಿಗೆ ಹಾಕಿದ್ದನ್ನು ಸಾಯುವ ತನಕ ಹೇಳುತ್ತಿದ್ದರು. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ನಡೆದದ್ದರ ಕ್ರೌರ್ಯವೇ ಬೇರೆ. ಆದರೆ ಮುಳುಗಡೆ ಊರಿನ ಕತೆ ಕೇಳಿ ಬೆಳೆದ ಕಿವಿಗೆ ಇದು ಬೇಗ ಕೇಳಿಸುತ್ತದೆ. ಮಂಡ್ಯದ ಕಡೆಯವರು ಆ ಕಿವಿ ಇಟ್ಟುಕೊಂಡು ಹೋಗಿ.

ಮುಂದೆ ಕ್ಯಾಪಿಟಲ್ ಕಟ್ಟಡ, 1869ರದ್ದು. ಅಂತರ್ಯುದ್ಧದಲ್ಲಿ ಊರು ಸುಟ್ಟುಹೋದ ಮೇಲೆ ಕಟ್ಟಿದ್ದು. 1907ರಲ್ಲಿ ಅದು ಕೌಂಟಿ ಕೋರ್ಟಾಯಿತು. ಆಮೇಲೆ ಎಷ್ಟೋ ದಶಕ ಚೆರೋಕಿ ಚೀಫ್ ಯಾರು ಅಂತ ಅಮೆರಿಕದ ಅಧ್ಯಕ್ಷರೇ ನೇಮಿಸುತ್ತಿದ್ದರು. ಜನರೇ ಮತ ಹಾಕಿ ಮತ್ತೆ ಚೀಫ್ ಆರಿಸಿದ್ದು 1971ರಲ್ಲಿ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡು ಬೆಂಗಳೂರಿಗೆ ಒಯ್ದದ್ದು ಗೊತ್ತಿರುವ ಮೈಸೂರಿನವರಿಗೆ, ಅಧಿಕಾರವಿಲ್ಲದ ರಾಜಧಾನಿ ಅಂದರೇನು ಅಂತ ಗೊತ್ತು. ತಾಲೆಕ್ವಾದಲ್ಲಿ ಅಧಿಕಾರ ವಾಪಸ್ ಬಂದಿದೆ. ಈಗ ಆ ಕಟ್ಟಡ 2019ರಿಂದ ಚೆರೋಕಿಗಳದೇ ಇತಿಹಾಸ ಮ್ಯೂಸಿಯಂ. ಇಲ್ಲಿ ಕಡಿಮೆ ಅಂದರೂ ಎರಡು ಗಂಟೆ ಇಡಿ. ಸಿಕ್ವೋಯಾ ಚಿತ್ರ ನೋಡುವುದನ್ನು ಮರೆಯಬೇಡಿ. ತಲೆಗೆ ಪೇಟ ಸುತ್ತಿದ್ದಾರೆ! ಸಿನಿಮಾದಲ್ಲಿ ಕಾಣುವ ಉದ್ದ ಗರಿಗಳ ಕಿರೀಟ ಚೆರೋಕಿಗಳದ್ದಲ್ಲ, ಬಯಲು ಸೀಮೆಯ ಬೇರೆ ಬುಡಕಟ್ಟುಗಳದ್ದು. ಮೊಮ್ಮಕ್ಕಳಿಗೆ ಆಟಿಕೆ ಗರಿ ಕಿರೀಟ ಹಾಕಿಸಿ ಅಲ್ಲಿಗೆ ಕರೆದುಕೊಂಡು ಹೋಗಬೇಡಿ.

1875ರ ಜೈಲು ಹತ್ತಿರದಲ್ಲೇ ಇದೆ. ಸಮಯ ಇದ್ದರೆ ನೋಡಿ. ಬೀದಿಯ ಉತ್ತರದ ತುದಿಗೆ 1889ರ ಸೆಮಿನರಿ ಹಾಲ್. ಅದನ್ನು ಬಿಡಬೇಡಿ. ಹೆಣ್ಣುಮಕ್ಕಳ ಶಾಲೆ ಅದು. 1851ರಲ್ಲೇ ಚೆರೋಕಿ ಸರ್ಕಾರ ಪಾರ್ಕ್ ಹಿಲ್‌ನಲ್ಲಿ ಶುರು ಮಾಡಿತ್ತು. 1887ರಲ್ಲಿ ಬೆಂಕಿ ಬಿದ್ದು ಸುಟ್ಟುಹೋದಾಗ ಇಲ್ಲಿ ಮತ್ತೆ ಕಟ್ಟಿದರು. ಈಗ ನಾರ್ತ್‌ಈಸ್ಟರ್ನ್ ಸ್ಟೇಟ್ ಯೂನಿವರ್ಸಿಟಿಯ ಭಾಗ. ಮುಂದೆ ಸಿಕ್ವೋಯಾ ಪ್ರತಿಮೆ ಇದೆ. ಸುಟ್ಟ ಹಳೇ ಶಾಲೆಯ ಮೂರು ಕಂಬ ಮಾತ್ರ ಪಾರ್ಕ್ ಹಿಲ್‌ನಲ್ಲಿ ಉಳಿದಿವೆ, ಊರಿಂದ ಕಾರಿನಲ್ಲಿ ಸ್ವಲ್ಪ ದೂರ. ಬರಗಾಲದಲ್ಲಿ ಕೆಆರ್‌ಎಸ್ ನೀರು ಇಳಿದಾಗ ಕಾಣುತ್ತಿದ್ದ ವೇಣುಗೋಪಾಲಸ್ವಾಮಿ ಗುಡಿಯ ಕಂಬಗಳು ನೆನಪಾದವು. ಆ ಮೂರು ಕಂಬ ಇರುವ ಪಾರ್ಕ್ ಹಿಲ್‌ನ ಹೆರಿಟೇಜ್ ಸೆಂಟರ್ ತೆರೆದಿದೆಯೇ ಅಂತ ಮೊದಲೇ ವಿಚಾರಿಸಿ.

ಅದೇ ಪಾರ್ಕ್ ಹಿಲ್‌ನಲ್ಲಿ 1845ರ ಹಂಟರ್ಸ್ ಹೋಮ್ ಎಂಬ ದೊಡ್ಡ ಮನೆ ಇದೆ. ಶ್ರೀಮಂತ ಚೆರೋಕಿ ಕುಟುಂಬಗಳು ಕಪ್ಪು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದವು. ಆ ಮನೆಯನ್ನೂ ಅವರ ದುಡಿಮೆಯೇ ನಡೆಸಿತು. ಇದನ್ನೂ ನೋಡಿ. ಆ ಗುಲಾಮರ ವಂಶದವರಿಗೆ 1866ರ ಒಪ್ಪಂದದಲ್ಲೇ ಚೆರೋಕಿ ಪೌರತ್ವದ ಮಾತು ಕೊಟ್ಟಿದ್ದರೂ, ಕೋರ್ಟುಗಳಲ್ಲಿ ಅದು ಗಟ್ಟಿಯಾಗಿದ್ದು 2017ರಲ್ಲಿ ಮತ್ತು 2021ರಲ್ಲಿ. ನೋವುಂಡವರ ಊರಲ್ಲೂ ನೋವು ಕೊಟ್ಟ ಮನೆ ಇರುತ್ತದೆ. ಮೊಮ್ಮಕ್ಕಳಿಗೆ ಅದನ್ನು ಮುಚ್ಚಿಡಬಾರದು ಅಂತ ನನ್ನ ಅಭಿಪ್ರಾಯ.

ಊಟ. ನಮ್ಮಂತಹ ಸಸ್ಯಾಹಾರಿಗಳು ಹುರುಳಿಕಾಯಿ, ಕಾಳಿನ ಪಲ್ಯ ಅಂದುಕೊಂಡು ತಟ್ಟೆ ಹಿಡಿಯಬಾರದು. ಹಂದಿ ಮಾಂಸ ಹಾಕಿ ಬೇಯಿಸಿರುತ್ತಾರೆ, ಕೇಳಿಕೊಳ್ಳಿ. ಹಬ್ಬದ ಸಮಯದಲ್ಲಿ ಸಿಕ್ಕರೆ ಕನುಚಿ ಕುಡಿಯಿರಿ. ಹಿಕರಿ ಎಂಬ ಕಾಯಿಯನ್ನು ಕುಟ್ಟಿ ಉಂಡೆ ಮಾಡಿ, ಬಿಸಿನೀರಲ್ಲಿ ಕದಡಿ ಸೋಸಿ, ಅನ್ನವನ್ನೋ ಮುಸುಕಿನ ಜೋಳದ ನುಚ್ಚನ್ನೋ ಸೇರಿಸುತ್ತಾರೆ. ದ್ರಾಕ್ಷಿ ರಸದಲ್ಲಿ ಬೇಯಿಸಿದ ಸಿಹಿ ಕಡುಬಿನಂಥದ್ದೂ ಇದೆ. ಮಾಂಸ ಇಲ್ಲ, ಆದರೆ ಹಿಟ್ಟಿಗೆ ಏನು ಜಿಡ್ಡು ಹಾಕಿದ್ದಾರೆ ಅಂತ ಕೇಳಿ. ಉಳಿದ ದಿನಕ್ಕೆ ಮನೆಯಿಂದಲೇ ಬುತ್ತಿ ಒಯ್ಯುವುದು ವಾಸಿ.

ಮಾತಾಡುವಾಗ 'ರೆಡ್ ಇಂಡಿಯನ್' ಅನ್ನಬೇಡಿ. ಚೆರೋಕಿ ಅನ್ನಿ. 'ನೀವು ಎಷ್ಟು ಪರ್ಸೆಂಟ್ ಚೆರೋಕಿ?' ಅಂತ ಕೇಳಬೇಡಿ. ನಿಮ್ಮ ಜಾತಿ ಯಾವುದು ಅಂತ ಬಸ್ಸಿನಲ್ಲಿ ಕೇಳಿದಷ್ಟೇ ಕೆಟ್ಟದ್ದು. ಕುಣಿತ ನಡೆಯುವಾಗ ಫೋನ್ ಎತ್ತುವ ಮೊದಲು ಅನುಮತಿ ಕೇಳಿ. ಬೆಂಕಿಯ ಸುತ್ತ ನಡೆಯುವ ಸ್ಟಾಂಪ್ ಡಾನ್ಸ್ ಅವರ ಪೂಜೆ, ಫೋಟೊ ಬೇಡವೇ ಬೇಡ. ಬುಟ್ಟಿ, ಮಣಿ ಕೊಳ್ಳುವುದಾದರೆ ಮಾಡಿದವರು ಯಾರು ಅಂತ ಕೇಳಿ ಕೊಳ್ಳಿ. ಬುಡಕಟ್ಟಿನವರು ಮಾಡದ್ದನ್ನು ಅವರದೆಂದು ಮಾರುವುದು 1990ರ ಕಾನೂನಿನ ಪ್ರಕಾರ ಅಪರಾಧ. ಬಳ್ಳಿಯಲ್ಲಿ ಹೆಣೆದ ಎರಡು ಪದರದ ಬುಟ್ಟಿ ಒಂದು ತಂದಿದ್ದೇನೆ. ಬೆಲೆ ಜಾಸ್ತಿ, ಆದರೆ ಕೈಕೆಲಸ ನೋಡಿದರೆ ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ.

ಹೊರಡುವ ಮೊದಲು ಡರ್ಬಿನ್ ಫೀಲಿಂಗ್ ಭಾಷಾ ಕೇಂದ್ರದ ಮುಂದೆ ಹಾದುಹೋಗಿ. 1975ರಲ್ಲಿ ಚೆರೋಕಿ-ಇಂಗ್ಲಿಷ್ ನಿಘಂಟು ಕೊಟ್ಟವರ ಹೆಸರು ಅದಕ್ಕೆ ಇಟ್ಟಿದ್ದಾರೆ. 2022ರಲ್ಲಿ ತೆರೆಯಿತು. ಮೊದಲು ಆ ಕಟ್ಟಡ ಕ್ಯಾಸಿನೊ ಆಗಿತ್ತು. ತಾಯಿನುಡಿಯಾಗಿ ಚೆರೋಕಿ ಮಾತಾಡುವವರು ಈಗ ಎರಡು ಸಾವಿರ ಮಂದಿ ಇದ್ದರೆ ಹೆಚ್ಚು, ಬಹಳಷ್ಟು ಜನ ವಯಸ್ಸಾದವರು. ಹಾಗಾಗಿ ಮಕ್ಕಳಿಗೆ ಗಣಿತ, ವಿಜ್ಞಾನ ಎಲ್ಲಾ ಚೆರೋಕಿಯಲ್ಲೇ ಹೇಳಿಕೊಡುವ ಶಾಲೆ ನಡೆಸುತ್ತಿದ್ದಾರೆ. ಮಕ್ಕಳಿರುವ ಜಾಗ, ಕೇಳದೆ ಒಳಗೆ ನುಗ್ಗಬೇಡಿ. ನಾನು ರಸ್ತೆಯಲ್ಲೇ ನಿಂತು ಬೋರ್ಡು ಓದಿದೆ. ಎರಡು ಅಕ್ಷರ ಗೊತ್ತಾಗಲಿಲ್ಲ. ಬರೆದುಕೊಂಡು ಬಂದು ಮನೆಯಲ್ಲಿ ಪಟ್ಟಿ ನೋಡಿ ಹುಡುಕಿದೆ.

ವಾಪಸ್ ಬರುವಾಗ 51ನೇ ಹೆದ್ದಾರಿ ಹಿಡಿದು ಹಲ್ಬರ್ಟ್, ವ್ಯಾಗನರ್ ಮೇಲೆ ಬನ್ನಿ. ಕತ್ತಲಾಗುವ ಮೊದಲೇ ಹೊರಡಿ, ಸಂಜೆ ಹೊತ್ತು ಜಿಂಕೆ ಅಡ್ಡ ಬರುತ್ತವೆ. ಹಾಳೆ ಬೇಕಾದವರು ಸಂಜೆ ಐದರ ಮೇಲೆ ನಮ್ಮ ಬೀದಿಯ ಪಾರ್ಕಿಗೆ ಬನ್ನಿ. ಬರುವಾಗ ಒಂದು ಹಳೇ ಕ್ಯಾಲೆಂಡರ್ ತನ್ನಿ.